ರಿವಾಲ್ವರ್ ಟ್ರಿಗರ್‌ಗೆ ಮನೆಯಲ್ಲೇ ಪಾಲಿಶ್: ಕೂದಲೆಳೆಯಷ್ಟು ಉಕ್ಕು, ಏಳು ವರ್ಷದ ಕಾನೂನು

ಲೋಹದ ಕೆಲಸ ಬಲ್ಲ ಕೈಗಳಿಗೆ ಹರಿಹರದಲ್ಲಿ ಎಂದೂ ಬರ ಬಂದದ್ದಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, 1941ರಲ್ಲಿ, ತುಂಗಭದ್ರೆಯ ದಂಡೆಯ ಈ ಊರಿನಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ನಾನಾ ಭಾಗಗಳ ವರ್ಕ್‌ಶಾಪ್‌ಗಳನ್ನು ಸೇರಿದವು. ಟರ್ನರ್, ಫಿಟ್ಟರ್, ಗ್ರೈಂಡರ್ ಕೆಲಸಗಾರರ ತಲೆಮಾರುಗಳೇ ಅಲ್ಲಿ ತಯಾರಾದವು. ಹೊಸ ಶತಮಾನದ ಆರಂಭದಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತಾದರೂ ಕೈಗೆ ಹತ್ತಿದ ವಿದ್ಯೆ ಮುಚ್ಚಲಿಲ್ಲ. ಹರಿಹರದಲ್ಲೂ ಅಲ್ಲಿಂದ ಹದಿನಾಲ್ಕು ಕಿಲೋಮೀಟರ್ ದೂರದ ದಾವಣಗೆರೆಯಲ್ಲೂ ಒಂದು ಲೇತ್, ಒಂದು ಗ್ರೈಂಡರ್ ಇಟ್ಟುಕೊಂಡು ಬದುಕು ಕಟ್ಟಿಕೊಂಡ ಸಣ್ಣ ವರ್ಕ್‌ಶಾಪ್‌ಗಳು ಇಂದಿಗೂ ಕಾಣಸಿಗುತ್ತವೆ.

ಇಂಥ ಊರಿನಲ್ಲಿ ಲೈಸೆನ್ಸ್ ಪಡೆದ ರಿವಾಲ್ವರ್ ಇಟ್ಟುಕೊಂಡವರಿಗೆ ಅದರ ಟ್ರಿಗರ್ ಬಿಗಿಯಾಗಿದೆ, ಎಳೆಯುವಾಗ ತರತರ ಎನ್ನುತ್ತದೆ, ಬೆರಳು ತಾಗುವ ಜಾಗ ಒರಟಾಗಿದೆ ಎನಿಸಿದರೆ ಎರಡು ದಾರಿಗಳು ಹೊಳೆಯುವುದು ಸಹಜ. ಒಂದು, ಹಾರ್ಡ್‌ವೇರ್ ಅಂಗಡಿಯಿಂದ ಎಮರಿ ಕಾಗದ ತಂದು ತಾವೇ ಉಜ್ಜುವುದು. ಇನ್ನೊಂದು, ಪರಿಚಯದ ಫಿಟ್ಟರ್ ಬಳಿ ಒಯ್ದು ‘ಸ್ವಲ್ಪ ನುಣುಪು ಮಾಡಿಕೊಡಿ’ ಎನ್ನುವುದು. ಮೊದಲನೆಯದರಲ್ಲಿ ಅಪಾಯವಿದೆ. ಎರಡನೆಯದರಲ್ಲಿ ಅಪಾಯದ ಜೊತೆಗೆ, ಉಪಕಾರ ಮಾಡಲು ಹೋದ ಫಿಟ್ಟರ್ ಜೈಲಿಗೆ ಹೋಗುವ ಸಾಧ್ಯತೆಯೂ ಇದೆ. ಈ ಎರಡನೆಯ ಸಂಗತಿ ಬಂದೂಕು ಮಾಲೀಕರಿಗೂ ವರ್ಕ್‌ಶಾಪ್‌ನವರಿಗೂ ತಿಳಿದಿರಲೇಬೇಕಾದದ್ದು.

ಬಿಗಿ ಎಲ್ಲಿಂದ ಬರುತ್ತದೆ?

ರಿವಾಲ್ವರ್‌ನ ಟ್ರಿಗರ್ ನೋಡಲು ಒಂದು ಸಣ್ಣ ಕೊಕ್ಕೆ. ಆದರೆ ಅದು ಮಾಡುವ ಕೆಲಸ ಒಂದಲ್ಲ. ಡಬಲ್ ಆಕ್ಷನ್ ರಿವಾಲ್ವರ್‌ನಲ್ಲಿ ಟ್ರಿಗರ್ ಎಳೆದಾಗ ಒಳಗಿನ ಒಂದು ಕೈ ಗುಂಡುಗಳಿರುವ ಸಿಲಿಂಡರನ್ನು ಒಂದು ಮನೆ ಮುಂದಕ್ಕೆ ತಿರುಗಿಸುತ್ತದೆ. ಮತ್ತೊಂದು ಚಿಕ್ಕ ಕೀಲು ಸಿಲಿಂಡರನ್ನು ನಳಿಕೆಯ ನೇರಕ್ಕೆ ಹಿಡಿದು ನಿಲ್ಲಿಸುತ್ತದೆ. ಅದೇ ಹೊತ್ತಿಗೆ ಹ್ಯಾಮರ್, ಅಂದರೆ ಹಳೆಯ ಮಾತಿನ ಬಂದೂಕಿನ ‘ಕುದುರೆ’, ಮುಖ್ಯ ಸ್ಪ್ರಿಂಗನ್ನು ಒತ್ತಿಕೊಂಡು ಹಿಂದಕ್ಕೆ ಏಳುತ್ತದೆ. ಎಳೆತದ ಕೊನೆಯಲ್ಲಿ ಕುದುರೆ ಕೈತಪ್ಪಿ ಬಿದ್ದು ಗುಂಡಿನ ತಳದ ಪ್ರೈಮರಿಗೆ ಪೆಟ್ಟು ಕೊಡುತ್ತದೆ. ಇಷ್ಟೆಲ್ಲವನ್ನೂ ಮಾಡಬೇಕಾದದ್ದು ಒಂದು ಬೆರಳು. ಆದ್ದರಿಂದಲೇ ಈ ಬಗೆಯ ಎಳೆತಕ್ಕೆ ಸಾಮಾನ್ಯವಾಗಿ ಐದು ಕಿಲೋಗ್ರಾಮಿನ ಆಸುಪಾಸಿನ ಬಲ ಬೇಕಾಗುತ್ತದೆ.

ಕುದುರೆಯನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆ ಎಳೆದು ನಿಲ್ಲಿಸಿ ಆಮೇಲೆ ಟ್ರಿಗರ್ ಒತ್ತುವುದು ಸಿಂಗಲ್ ಆಕ್ಷನ್. ಇಲ್ಲಿ ಟ್ರಿಗರ್‌ಗೆ ಉಳಿದಿರುವುದು ಒಂದೇ ಕೆಲಸ: ಕುದುರೆಯ ಬುಡದಲ್ಲಿ ಕೊರೆದ ಪುಟ್ಟ ಹಲ್ಲಿನಿಂದ ತನ್ನ ತುದಿಯನ್ನು ಜಾರಿಸಿಕೊಳ್ಳುವುದು. ಎರಡು ಕಿಲೋಗ್ರಾಮಿನ ಆಸುಪಾಸಿನ ಬಲ ಇದಕ್ಕೆ ಸಾಕು. ಸ್ಪ್ರಿಂಗ್‌ನ ಪೂರ್ತಿ ಒತ್ತಡವನ್ನು ಹಿಡಿದು ನಿಲ್ಲಿಸಿರುವ ಆ ಹಲ್ಲಿನ ಆಳ ಒಂದು ಮಿಲಿಮೀಟರಿನ ಒಂದು ಪಾಲು ಮಾತ್ರ. ಇಡೀ ವಿಷಯದ ಗುಟ್ಟು ಇರುವುದು ಇಲ್ಲೇ.

ಹೀಗಾಗಿ ‘ಟ್ರಿಗರ್ ಬಿಗಿ’ ಎಂಬ ದೂರಿನ ಹಿಂದೆ ಹಲವು ಕಾರಣಗಳಿರಬಹುದು. ಮುಖ್ಯ ಸ್ಪ್ರಿಂಗ್ ಬಲವಾಗಿರಬಹುದು. ಟ್ರಿಗರನ್ನು ಮರಳಿ ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಬಲವಾಗಿರಬಹುದು. ಸಿಲಿಂಡರಿನ ಅಚ್ಚಿನಲ್ಲಿ ಮಸಿ ಕಟ್ಟಿರಬಹುದು. ಒಂದರ ಮೇಲೊಂದು ಜಾರುವ ಭಾಗಗಳಲ್ಲಿ ಕಾರ್ಖಾನೆಯ ಗೀರುಗಳು ಉಳಿದಿರಬಹುದು. ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವ ಕಾರಣ ಹಳೆಯ ಎಣ್ಣೆ. ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿದ ರಿವಾಲ್ವರ್‌ನೊಳಗೆ ಎಣ್ಣೆ ಒಣಗಿ ಅಂಟಾಗುತ್ತದೆ, ಧೂಳು ಹಿಡಿದು ಮೇಣದಂತಾಗುತ್ತದೆ. ಹೊಲಿಗೆ ಯಂತ್ರಕ್ಕೆ ತಪ್ಪು ಎಣ್ಣೆ ಬಿಟ್ಟು ಆರು ತಿಂಗಳು ಮೂಲೆಗಿಟ್ಟವರಿಗೆ ಇದು ಹೊಸ ಅನುಭವವೇನಲ್ಲ.

ಚುನಾವಣೆಯೂ ಇದಕ್ಕೆ ತನ್ನ ಕಾಣಿಕೆ ಸಲ್ಲಿಸುತ್ತದೆ. ಚುನಾವಣೆ ಘೋಷಣೆಯಾದ ಬಳಿಕ ಲೈಸೆನ್ಸ್ ಪಡೆದ ಆಯುಧಗಳನ್ನು ಠೇವಣಿ ಇರಿಸುವಂತೆ ಜಿಲ್ಲಾಡಳಿತ ಸೂಚಿಸುವುದು ವಾಡಿಕೆ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆ, ಅದರ ಬೆನ್ನಿಗೇ 2024ರ ಮೇ 7ರಂದು ದಾವಣಗೆರೆಯಲ್ಲಿ ಮತದಾನ ನಡೆದ ಲೋಕಸಭಾ ಚುನಾವಣೆ ಎಂದರೆ, ಎರಡು ಬೇಸಿಗೆ ಆಯುಧಗಳು ಮಾಲೀಕರ ಆರೈಕೆಯಿಂದ ದೂರವಿದ್ದವು ಎಂದೇ ಅರ್ಥ. ಒಣಗಿದ ಎಣ್ಣೆಯೊಂದಿಗೆ ಮನೆಗೆ ಮರಳಿದ ರಿವಾಲ್ವರ್ ಬಿಗಿ ಎನಿಸಿದರೆ ಅದಕ್ಕೆ ಬೇಕಾದದ್ದು ಅರವಲ್ಲ, ಶುಚಿತ್ವ.

ಬೆರಳು ತಾಗುವ ಮುಖ, ಕಣ್ಣಿಗೆ ಕಾಣದ ಮುಖ

ಟ್ರಿಗರ್ ನುಣುಪು ಮಾಡುವುದು ಎಂದಾಗ ಜನ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಇವನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು ಬೆರಳು ತಾಗುವ ಹೊರಮುಖ. ಕೆಲವು ಟ್ರಿಗರ್‌ಗಳ ಮೇಲೆ ಉದ್ದುದ್ದಕ್ಕೆ ಗೆರೆ ಕೊರೆದಿರುತ್ತಾರೆ. ನಿಧಾನವಾಗಿ ಗುರಿಯಿಟ್ಟು ಸಿಂಗಲ್ ಆಕ್ಷನ್‌ನಲ್ಲಿ ಹೊಡೆಯುವವರಿಗೆ ಈ ಗೆರೆಗಳು ಹಿಡಿತ ಕೊಡುತ್ತವೆ. ಡಬಲ್ ಆಕ್ಷನ್‌ನ ಉದ್ದನೆಯ ಎಳೆತದಲ್ಲಿ ಬೆರಳು ಟ್ರಿಗರ್ ಮೇಲೆ ತುಸು ಜಾರಬೇಕಾಗುತ್ತದೆ. ಆಗ ಇದೇ ಗೆರೆಗಳು ಚರ್ಮವನ್ನು ಕೆರೆಯುತ್ತವೆ. ಆದ್ದರಿಂದ ನುಣುಪಾದ, ಅಂಚು ದುಂಡಗಾದ ಟ್ರಿಗರ್ ಬೇಕೆಂಬ ಆಸೆಯಲ್ಲಿ ಅಸಂಗತವೇನೂ ಇಲ್ಲ. ಅಮೆರಿಕದಂತಹ ದೇಶಗಳಲ್ಲಿ ಹವ್ಯಾಸಿಗಳು ಮನೆಯ ಮೇಜಿನ ಮೇಲೆಯೇ ಈ ಕೆಲಸ ಮಾಡಿಕೊಳ್ಳುತ್ತಾರೆ. ಅಲ್ಲಿನ ಕಾನೂನು ಬೇರೆ. ಆ ಪುಸ್ತಕಗಳನ್ನೂ ವಿಡಿಯೊಗಳನ್ನೂ ನೋಡಿ ಇಲ್ಲಿ ಅನುಕರಿಸಹೊರಡುವುದೇ ತೊಂದರೆಯ ಮೂಲ.

ಎರಡನೆಯದು ಒಳಮುಖ, ಅಂದರೆ ಕುದುರೆಯ ಹಲ್ಲು ಮತ್ತು ಟ್ರಿಗರ್ ತುದಿ ಪರಸ್ಪರ ಕಚ್ಚುವ ಜಾಗ. ಇಲ್ಲಿ ನುಣುಪಿಗಿಂತ ಕೋನ ಮುಖ್ಯ. ಎರಡು ಮುಖಗಳು ಯಾವ ಓರೆಯಲ್ಲಿ ಕೂಡಬೇಕೆಂಬುದನ್ನು ವಿನ್ಯಾಸಕಾರ ಲೆಕ್ಕ ಹಾಕಿಟ್ಟಿರುತ್ತಾನೆ. ಸ್ಪ್ರಿಂಗ್‌ನ ಒತ್ತಡ ಹಿಡಿತವನ್ನು ಇನ್ನಷ್ಟು ಭದ್ರಗೊಳಿಸುವ ಓರೆ ಅದು. ಎಮರಿ ಕಾಗದವನ್ನು ಬೆರಳಿಗೆ ಸುತ್ತಿ ನಾಲ್ಕು ಬಾರಿ ಉಜ್ಜಿದರೆ ಮುಖ ಹೊಳೆಯುತ್ತದೆ, ಆದರೆ ಅಂಚು ದುಂಡಗಾಗುತ್ತದೆ. ಅಂಚು ದುಂಡಗಾದರೆ ಹಿಡಿತ ಸಡಿಲ. ಹಿಂದಕ್ಕೆಳೆದು ನಿಲ್ಲಿಸಿದ ಕುದುರೆ, ಟ್ರಿಗರ್ ಮುಟ್ಟದಿದ್ದರೂ, ಹೆಬ್ಬೆರಳಿನ ತಳ್ಳುವಿಕೆಗೋ ಒಂದು ಕುಲುಕಾಟಕ್ಕೋ ಬಿದ್ದುಬಿಡಬಹುದು. ಬಂದೂಕು ತಜ್ಞರು ಅತಿಯಾಗಿ ಅಂಜುವ ದೋಷ ಇದು. ಕೆಲಸ ಮುಗಿದ ದಿನ ಅದು ಕಾಣದೆಯೂ ಇರಬಹುದು. ಸವೆದ ಅಂಚು ಬಳಕೆಯಲ್ಲಿ ಇನ್ನಷ್ಟು ಸವೆದು ತಿಂಗಳುಗಳ ನಂತರ ತಲೆ ಎತ್ತುತ್ತದೆ.

ಹರಿಹರದ ಹಳೆಯ ಫಿಟ್ಟರ್‌ಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೇತ್‌ನ ಹಾಸನ್ನು ಕೈಯಿಂದ ಸ್ಕ್ರೇಪಿಂಗ್ ಮಾಡುವಾಗ ಮೊದಲು ಅಳತೆಯ ಮಟ್ಟದ ಹಲಗೆಗೆ ನೀಲಿ ಬಣ್ಣ ಸವರಿ ಹಾಸಿನ ಮೇಲೆ ಉಜ್ಜುತ್ತಾರೆ. ಉಬ್ಬಿದ ಕಡೆಗಳಿಗೆ ಮಾತ್ರ ಬಣ್ಣ ಅಂಟುತ್ತದೆ. ಅಲ್ಲಿಂದ ಕೆಲವೇ ಮೈಕ್ರಾನಿನಷ್ಟು ಲೋಹವನ್ನು ಸ್ಕ್ರೇಪರಿನಿಂದ ಕೆರೆದು ತೆಗೆಯುತ್ತಾರೆ. ಮತ್ತೆ ಬಣ್ಣ, ಮತ್ತೆ ಕೆರೆತ. ಕಣ್ಣಿಗೆ ಹೊಳೆಯುವುದಕ್ಕೂ ಸಮತಟ್ಟಾಗಿರುವುದಕ್ಕೂ ಸಂಬಂಧವಿಲ್ಲವೆಂಬುದು ಆ ಕೆಲಸದ ಮೊದಲ ಪಾಠ. ತೆಗೆದ ಲೋಹವನ್ನು ಮರಳಿ ಅಂಟಿಸಲಾಗದು ಎಂಬುದು ಎರಡನೆಯದು. ಆದರೂ ಲೇತ್ ಬಲ್ಲವರು ರಿವಾಲ್ವರ್ ಬಲ್ಲವರೆಂದು ತಿಳಿಯಲಾಗದು. ಲೇತ್‌ನಲ್ಲಿ ಅವರ ಬಳಿ ನಕ್ಷೆ ಇರುತ್ತದೆ, ಅಳತೆ ಇರುತ್ತದೆ, ತಪ್ಪಿದರೆ ಒಂದು ಬಿಡಿಭಾಗ ಕಸಕ್ಕೆ ಹೋಗುತ್ತದೆ. ರಿವಾಲ್ವರ್‌ನ ಒಳಕೋನದ ನಕ್ಷೆ ಅವರ ಬಳಿ ಇರುವುದಿಲ್ಲ.

ಹದ ತಪ್ಪಿದ ಉಕ್ಕು

ಕೋನದ ನಂತರ ಬರುವುದು ಹದದ ಪ್ರಶ್ನೆ. ಕುಡುಗೋಲಿಗೆ ಕಮ್ಮಾರ ಹದ ಹಾಕುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಅನೇಕ ರಿವಾಲ್ವರ್‌ಗಳ ಟ್ರಿಗರ್ ಮತ್ತು ಕುದುರೆಯನ್ನು ಮೇಲ್ಪದರ ಮಾತ್ರ ಗಡುಸಾಗುವಂತೆ ಹದಗೊಳಿಸಿರುತ್ತಾರೆ. ಇಂಗಾಲ ಕಡಿಮೆ ಇರುವ ಉಕ್ಕನ್ನು ಇಂಗಾಲ ಸಿಗುವ ವಾತಾವರಣದಲ್ಲಿ ಕಾಯಿಸಿದಾಗ ಮೇಲ್ಮೈ ಇಂಗಾಲವನ್ನು ಹೀರಿಕೊಳ್ಳುತ್ತದೆ. ಆಮೇಲೆ ತಟ್ಟನೆ ತಣಿಸಿದರೆ ಸಿಪ್ಪೆ ಗಡುಸು, ತಿರುಳು ಮೃದು. ಪೆಟ್ಟು ತಾಳಲು ಮೃದು ತಿರುಳು ಬೇಕು, ಸವೆತ ತಡೆಯಲು ಗಡುಸು ಸಿಪ್ಪೆ ಬೇಕು. ಈ ಸಿಪ್ಪೆಯ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಕೆಲವು ಹಳೆಯ ರಿವಾಲ್ವರ್‌ಗಳ ಟ್ರಿಗರ್ ಮೇಲೆ ಕಾಣುವ ನೀಲಿ, ಕಂದು, ಬೂದು ಬಣ್ಣಗಳ ಮೋಡದಂಥ ಚಿತ್ತಾರ ಈ ಹದದ ಗುರುತು.

ಹೊರಮುಖವನ್ನು ಉಜ್ಜಿದಾಗ ಮೊದಲು ಹೋಗುವುದು ಆ ಚಿತ್ತಾರ. ಅಲ್ಲಿಗೇ ನಿಲ್ಲಿಸಿದರೆ ನಷ್ಟ ಅಂದಕ್ಕೆ ಮಾತ್ರ. ಆದರೆ ಗೆರೆಗಳನ್ನು ಪೂರ್ತಿ ಅಳಿಸುವಷ್ಟು ತೇದರೆ ಸಿಪ್ಪೆಯ ದೊಡ್ಡ ಪಾಲು ಹೋಗಬಹುದು. ಕೈ ಅರದ ಬದಲು ವಿದ್ಯುತ್ ಬಫಿಂಗ್ ಚಕ್ರ ಹಿಡಿದರಂತೂ ಶಾಖದ ಕಾಟ. ಗಡುಸು ಮಾಡಿದ ಕಾರ್ಬನ್ ಉಕ್ಕು ಬಿಸಿಯಾಗುತ್ತ ಹೋದಂತೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲ್ಲಿನ ಹಳದಿಗೆ, 300 ಡಿಗ್ರಿಯ ಸುಮಾರಿಗೆ ನೀಲಿಗೆ ತಿರುಗುತ್ತದೆ. ಗ್ರೈಂಡರ್ ಕಲ್ಲಿಗೆ ಉಳಿಯನ್ನು ಜೋರಾಗಿ ಒತ್ತಿದಾಗ ಅದರ ತುದಿ ನೀಲಿಯಾಗುವುದನ್ನು ವರ್ಕ್‌ಶಾಪ್‌ನವರು ದಿನವೂ ನೋಡುತ್ತಾರೆ. ಅಷ್ಟು ಬಣ್ಣ ತಿರುಗಿತೆಂದರೆ ಆ ತುದಿಯ ಗಡಸುತನ ಇಳಿದಿದೆ ಎಂದೇ ಲೆಕ್ಕ. ಉಳಿಯಾದರೆ ಮತ್ತೆ ಹದ ಹಾಕಬಹುದು. ಹೆಬ್ಬೆರಳಿನಷ್ಟೂ ಇಲ್ಲದ ಟ್ರಿಗರ್‌ನಲ್ಲಿ ಹೊರಮುಖದ ಶಾಖ ಒಳತುದಿಗೆ ಸಾಗಲು ಹೆಚ್ಚು ಹೊತ್ತು ಬೇಡ.

ಉಜ್ಜಿದ ಮೇಲೆ ಬಣ್ಣ ಕೊಡುವುದು ಮುಂದಿನ ಹಂತ. ಬಂದೂಕಿನ ಕಪ್ಪು-ನೀಲಿ ಹೊಳಪು ಬಳಿದ ಬಣ್ಣವಲ್ಲ; ಉಕ್ಕಿನ ಮೇಲ್ಮೈಯನ್ನೇ ನಿಯಂತ್ರಿತವಾಗಿ ಆಕ್ಸೈಡ್ ಆಗಿಸಿ ಪಡೆದ ತೆಳು ಪದರ. ಕಾರ್ಖಾನೆಗಳಲ್ಲಿ ಇದನ್ನು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಕುದಿಯುವ ದ್ರಾವಣದಲ್ಲಿ, ನೀರಿನ ಕುದಿಬಿಂದುವಿಗಿಂತ ಬಹಳ ಮೇಲಿನ ಉಷ್ಣತೆಯಲ್ಲಿ ಮಾಡುತ್ತಾರೆ. ಅಡುಗೆಮನೆಯ ಒಲೆ ಇದಕ್ಕೆ ತಕ್ಕ ಜಾಗವಲ್ಲ. ಆ ದ್ರಾವಣಕ್ಕೆ ಒಂದು ಹನಿ ತಣ್ಣೀರು ಬಿದ್ದರೂ ಸಿಡಿದು ಕಣ್ಣು ಸುಡುತ್ತದೆ. ತಣ್ಣಗೆ ಸವರುವ ದ್ರಾವಣಗಳು ಅಷ್ಟು ಅಪಾಯಕಾರಿಯಲ್ಲವಾದರೂ ಬಾಳಿಕೆ ಕಡಿಮೆ, ಗಡುಸು ಉಕ್ಕಿನ ಮೇಲೆ ಅವು ಅಲ್ಲಲ್ಲಿ ತೇಪೆ ತೇಪೆಯಾಗಿ ಹಿಡಿಯುವುದೂ ಉಂಟು.

ಸ್ಪ್ರಿಂಗ್ ಕತ್ತರಿಸುವುದು ಇನ್ನೊಂದು ಅಡ್ಡದಾರಿ. ಸ್ಪ್ರಿಂಗ್ ಸಡಿಲವಾದರೆ ಟ್ರಿಗರ್ ಹಗುರಾಗುತ್ತದೆ ನಿಜ. ಕುದುರೆಯ ಪೆಟ್ಟೂ ಹಗುರಾಗುತ್ತದೆ. ಗುಂಡು ಹಾರಬೇಕಾದಾಗ ಹಾರುವುದಿಲ್ಲ. ಕೆಲವೊಮ್ಮೆ ಪೆಟ್ಟು ಬಿದ್ದ ಒಂದೆರಡು ಕ್ಷಣಗಳ ನಂತರ ತಡವಾಗಿ ಹಾರುವ ಸಾಧ್ಯತೆಯೂ ಇದೆ. ರಿವಾಲ್ವರ್‌ನಲ್ಲಿ ಇದು ವಿಶೇಷ ಅಪಾಯ: ಗಾಬರಿಯಲ್ಲಿ ಮತ್ತೊಮ್ಮೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ ಆ ಗುಂಡು ನಳಿಕೆಯ ನೇರದಿಂದ ಪಕ್ಕಕ್ಕೆ ಸರಿದಿರುತ್ತದೆ.

ಅಂದಹಾಗೆ, ಟ್ರಿಗರ್ ಹಗುರವಾದಷ್ಟೂ ಒಳ್ಳೆಯದು ಎಂಬುದು ಕ್ರೀಡಾಪಟುಗಳ ಲೋಕದಲ್ಲೂ ಒಪ್ಪಿತ ಮಾತಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಂತೆ 25 ಮೀಟರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಟ್ರಿಗರ್ ಕನಿಷ್ಠ 1,000 ಗ್ರಾಂ ತೂಕವನ್ನು ತಾಳಬೇಕು. ದಿನಕ್ಕೆ ನೂರಾರು ಬಾರಿ ಗುರಿಯಿಡುವವರಿಗೇ ಹೀಗೊಂದು ಕೆಳಮಿತಿ ಇದೆ. ಆತ್ಮರಕ್ಷಣೆಗೆಂದು ಪಡೆದು ಬೀರುವಿನಲ್ಲಿಟ್ಟ ರಿವಾಲ್ವರ್‌ನ ಬಿಗಿ ಎಳೆತ ಹಲವು ವೇಳೆ ದೋಷವೇ ಅಲ್ಲ. ಬೇರೆಯಾಗಿ ಸೇಫ್ಟಿ ಕೀಲು ಇಲ್ಲದ ಅನೇಕ ರಿವಾಲ್ವರ್‌ಗಳಲ್ಲಿ ಆ ಬಿಗಿಯೇ ಒಂದು ಕಾವಲು.

ಕಾನೂನು ಏನು ಹೇಳುತ್ತದೆ?

ಭಾರತದ ಆಯುಧ ಕಾಯ್ದೆ 1959ರದ್ದು. ಅದರ 3ನೇ ಕಲಮು ಬಂದೂಕು ಹೊಂದುವುದಕ್ಕೆ ಲೈಸೆನ್ಸ್ ಬೇಕೆನ್ನುತ್ತದೆ. ಜಿಲ್ಲಾಧಿಕಾರಿ ಕಚೇರಿಯಿಂದ ಜನ ಪಡೆಯುವುದು ಇದನ್ನೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ ಇಲ್ಲಿನವರು ಇದಕ್ಕಾಗಿ ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಆದರೆ 5ನೇ ಕಲಮು ಬೇರೆ ಸಂಗತಿ ಹೇಳುತ್ತದೆ: ಬಂದೂಕು ತಯಾರಿಸುವುದು, ಮಾರುವುದು, ಮಾರ್ಪಡಿಸುವುದು, ದುರಸ್ತಿ ಮಾಡುವುದು, ಪರೀಕ್ಷಿಸುವುದು ಇವೆಲ್ಲಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ಅಂದರೆ ಇಟ್ಟುಕೊಳ್ಳುವ ಅನುಮತಿ ರಿಪೇರಿಯ ಅನುಮತಿಯಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಇದೇ 5ನೇ ಕಲಮಿನ ಎರಡನೆಯ ಭಾಗ ಖಾಸಗಿ ಮಾಲೀಕನಿಗೆ ಒಂದು ವಿನಾಯಿತಿ ಕೊಡುತ್ತದೆ. ತನ್ನ ಸ್ವಂತ ಬಳಕೆಯ ಬಂದೂಕನ್ನು ಅರ್ಹ ವ್ಯಕ್ತಿಯೊಬ್ಬನಿಗೆ ಮಾರಲು ಅಥವಾ ವರ್ಗಾಯಿಸಲು ಅವನಿಗೆ ವ್ಯಾಪಾರಿ ಲೈಸೆನ್ಸ್ ಬೇಡ. ಅಧಿಕಾರಿಗಳಿಗೆ ಮುಂಚಿತವಾಗಿ ಲಿಖಿತ ತಿಳಿವಳಿಕೆ ಕೊಟ್ಟು ನಿಗದಿತ ಅವಧಿ ಕಾದರೆ ಸಾಕು. ಈ ವಿನಾಯಿತಿ ಮಾರಾಟಕ್ಕೆ, ವರ್ಗಾವಣೆಗೆ ಮಾತ್ರ. ದುರಸ್ತಿ, ಮಾರ್ಪಾಡು ಎಂಬ ಪದಗಳು ಅದರಲ್ಲಿಲ್ಲ. ‘ನನ್ನ ಬಂದೂಕು, ನನ್ನ ಇಷ್ಟ’ ಎಂಬ ವಾದಕ್ಕೆ ಕಾಯ್ದೆಯಲ್ಲಿ ಆಸರೆ ಸಿಗುವುದು ಕಷ್ಟ.

ಬೆರಳು ತಾಗುವ ಹೊರಮುಖವನ್ನು ಒಂದಿಷ್ಟು ನುಣುಪು ಮಾಡಿದ್ದೂ ದುರಸ್ತಿ ಎನಿಸುತ್ತದೆಯೇ ಎಂಬುದನ್ನು ವಾದಿಸಬಹುದು. ಪ್ರಕರಣದ ಸಂಗತಿಗಳನ್ನು ನೋಡಿ ನ್ಯಾಯಾಲಯ ತೀರ್ಮಾನಿಸಬೇಕಾದ ವಿಷಯ ಅದು. ಆದರೆ ಟ್ರಿಗರನ್ನು ಹೊರತೆಗೆದು, ಕಚ್ಚುವ ತುದಿಯನ್ನು ತೇದು, ಸ್ಪ್ರಿಂಗ್ ಬದಲಿಸಿದ ಕೆಲಸವನ್ನು ದುರಸ್ತಿಯಲ್ಲ ಎನ್ನಲು ಯಾವ ವಕೀಲರಿಗೂ ಸುಲಭವಾಗದು.

ಶಿಕ್ಷೆಯ ಪ್ರಮಾಣವೂ ಈಗ ಹಳೆಯದಲ್ಲ. ಲೈಸೆನ್ಸ್ ಇಲ್ಲದೆ 5ನೇ ಕಲಮಿನ ಕೆಲಸಗಳನ್ನು ಮಾಡಿದವರಿಗೆ 25ನೇ ಕಲಮಿನಡಿ ಮೊದಲು ಮೂರರಿಂದ ಏಳು ವರ್ಷದವರೆಗೆ ಸಜೆ ಇತ್ತು. 2019ರ ತಿದ್ದುಪಡಿ ಇದನ್ನು ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಎಂದು ಏರಿಸಿತು, ದಂಡ ಬೇರೆ. ಅಕ್ರಮ ಬಂದೂಕು ತಯಾರಕರನ್ನು ಮನಸ್ಸಿನಲ್ಲಿಟ್ಟು ಮಾಡಿದ ಬದಲಾವಣೆ ಅದು. ಆದರೆ ‘ದುರಸ್ತಿ’ ಎಂಬ ಪದ ತಯಾರಿಕೆಯ ಸಾಲಿನಲ್ಲೇ ಕುಳಿತಿರುವುದರಿಂದ, ಪರಿಚಯದವರ ಒತ್ತಾಯಕ್ಕೆ ರಿವಾಲ್ವರ್ ಬಿಚ್ಚಿದ ವರ್ಕ್‌ಶಾಪ್ ಮಾಲೀಕರೂ ಅದೇ ಕಲಮಿನ ವ್ಯಾಪ್ತಿಗೆ ಬರಬಹುದು. ಅವರ ಬಳಿ ಬಂದೂಕಿನ ಯಾವ ಲೈಸೆನ್ಸೂ ಇಲ್ಲದಿದ್ದರೆ ಅದು ತಮ್ಮ ಮೇಜಿನ ಮೇಲೆ ಸಿಕ್ಕಿದ್ದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಕೊಟ್ಟವರೂ ಪಾರಾಗುವುದಿಲ್ಲ. ಎದುರಿನವರು ಆಯುಧ ಹೊಂದಲು ಅರ್ಹರೇ ಎಂದು ಖಚಿತಪಡಿಸಿಕೊಳ್ಳದೆ ಅವರ ವಶಕ್ಕೆ ಕೊಡುವುದು 29ನೇ ಕಲಮಿನಡಿ ಅಪರಾಧ. ಲೈಸೆನ್ಸ್‌ದಾರರ ಸಮಕ್ಷಮದಲ್ಲಿ ಅಥವಾ ಅವರ ಲಿಖಿತ ಅಧಿಕಾರಪತ್ರದೊಂದಿಗೆ ಬೇರೊಬ್ಬರು ಬಂದೂಕನ್ನು ರಿಪೇರಿಗಾಗಿ ಒಯ್ಯಲು 3ನೇ ಕಲಮು ಅವಕಾಶ ಕೊಟ್ಟಿದೆ. ಆದರೆ ಅದು ಒಯ್ಯುವುದಕ್ಕೆ ಕೊಟ್ಟ ಅವಕಾಶ. ಒಯ್ದು ತಲುಪಿಸಬೇಕಾದದ್ದು ದುರಸ್ತಿಯ ಲೈಸೆನ್ಸ್ ಇರುವವರಿಗೇ.

ಪಾಲಿಶ್ ಮಾಡುವವರು ಬಹುತೇಕ ಯೋಚಿಸದ ಇನ್ನೊಂದು ಕಲಮು 8ನೆಯದು. ಬಂದೂಕಿನ ಮೇಲೆ ಮುದ್ರಿಸಿದ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು, ಬದಲಿಸುವುದು ನಿಷಿದ್ಧ. ಗುರುತು ಅಳಿಸಿದ ಬಂದೂಕು ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದವರೆಂದು, ಅನ್ಯಥಾ ಸಾಬೀತಾಗುವವರೆಗೆ, ಕಾನೂನು ಭಾವಿಸುತ್ತದೆ. ಟ್ರಿಗರ್‌ನಿಂದ ಶುರುವಾದ ಪಾಲಿಶ್ ಹುಮ್ಮಸ್ಸು ಚೌಕಟ್ಟಿಗೂ ನಳಿಕೆಗೂ ಹಬ್ಬಿ, ಮಸುಕಾಗಿದ್ದ ಸಂಖ್ಯೆ ಪೂರ್ತಿ ಮಾಯವಾದರೆ, ‘ಹೊಳಪಿಗಾಗಿ ಮಾಡಿದೆ’ ಎಂಬ ವಿವರಣೆಯನ್ನು ಸಾಬೀತು ಮಾಡುವ ಹೊರೆ ಮಾಲೀಕನದು. ತಂದೆಯಿಂದ ಬಂದ ಹಳೆಯ ರಿವಾಲ್ವರ್‌ಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಅಚಾತುರ್ಯ ನಡೆದುಹೋದರೆ? ಆಕಸ್ಮಿಕವಾಗಿ ಗುಂಡು ಹಾರಿತೆಂಬ ಹೇಳಿಕೆ ಬಂದಾಗ ವಿಧಿವಿಜ್ಞಾನ ಪ್ರಯೋಗಾಲಯದ ಬಂದೂಕು ತಜ್ಞರು ನೋಡುವ ಸಂಗತಿಗಳಲ್ಲಿ ಟ್ರಿಗರ್ ಎಳೆತದ ತೂಕವೂ ಒಂದು. ಕಚ್ಚುವ ಮುಖಗಳ ಮೇಲಿನ ಅರದ ಗೀರು ಸೂಕ್ಷ್ಮದರ್ಶಕದಡಿ ಅಡಗಿ ಕೂರುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಸಜೆಗೆ ಅವಕಾಶವಿದೆ. ಹಳೆಯ ದಂಡಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ಮನೆಯಲ್ಲೇ ತೇದ ಟ್ರಿಗರ್ ಆ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಹಾಗಾದರೆ ಮಾಲೀಕ ಮಾಡಬಹುದಾದದ್ದು

ಮೊದಲ ಮದ್ದು ಶುಚಿಗೊಳಿಸುವಿಕೆ. ಸಿಲಿಂಡರಿನ ಎಲ್ಲ ಮನೆಗಳೂ ಖಾಲಿ ಇವೆಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ತಯಾರಕರ ಕೈಪಿಡಿ ಹೇಳಿದಷ್ಟು ಭಾಗವನ್ನು ಮಾತ್ರ ಬಿಚ್ಚಿ ಮಸಿ, ಹಳೆ ಎಣ್ಣೆ ತೆಗೆದು ಹೊಸ ಬಂದೂಕಿನ ಎಣ್ಣೆಯನ್ನು ತೆಳುವಾಗಿ ಹಾಕುವುದು ಮಾಲೀಕನ ದಿನನಿತ್ಯದ ಆರೈಕೆ. ಪಕ್ಕದ ಫಲಕದ ತಿರುಪು ಬಿಚ್ಚಿ ಒಳಯಂತ್ರಕ್ಕೆ ಕೈ ಹಾಕುವುದು ಆರೈಕೆಯಲ್ಲ. ತೆಂಗಿನೆಣ್ಣೆ, ಅಡುಗೆ ಎಣ್ಣೆ ಬೇಡವೇ ಬೇಡ. ಅವು ಬೇಗ ಅಂಟಾಗುತ್ತವೆ.

ಆಯುಧಪೂಜೆಯ ಮಾತನ್ನೂ ಇಲ್ಲೇ ಹೇಳಬೇಕು. ಹರಿಹರದ ಲೇತ್‌ಗಳಿಗೂ ದಾವಣಗೆರೆಯ ಲಾರಿಗಳಿಗೂ ಅಂದು ಸಲ್ಲುವ ಅರಿಸಿನ, ಕುಂಕುಮ, ಹೂವು ಬಂದೂಕಿಗೂ ಸಲ್ಲುತ್ತವೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳೇ ಪೂಜೆಯ ಕೇಂದ್ರ. ಪೂಜೆಗೆ ಅಡ್ಡಿಯೇನೂ ಇಲ್ಲ. ಆದರೆ ಒದ್ದೆ ಕುಂಕುಮ ಟ್ರಿಗರ್‌ನ ಸಂದಿಗೆ ಇಳಿದು ಒಣಗಿದರೆ, ಹೂವಿನ ತೇವ ಉಕ್ಕಿನ ಮೇಲೆ ರಾತ್ರಿ ಕಳೆದರೆ ತುಕ್ಕು ಶುರು. ಪೂಜೆ ಮುಗಿದ ಸಂಜೆಯೇ ಒರೆಸಿ ಎಣ್ಣೆ ಸವರಿಟ್ಟರೆ ಮುಂದಿನ ವರ್ಷದ ‘ತರತರ’ ಎಷ್ಟೋ ಕಡಿಮೆಯಾಗುತ್ತದೆ.

ಶುಚಿ ಮಾಡಿದ ಮೇಲೂ ಒರಟುತನ ಉಳಿದರೆ ದುರಸ್ತಿಯ ಲೈಸೆನ್ಸ್ ಇರುವ ಬಂದೂಕು ಅಂಗಡಿ ಅಥವಾ ತಯಾರಕರೇ ಗತಿ. ಅಂಗಡಿಯವರ ಲೈಸೆನ್ಸ್‌ನಲ್ಲಿ ದುರಸ್ತಿ ಎಂಬುದು ಸೇರಿದೆಯೇ ಎಂದು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ. ಕೆಲವರಿಗೆ ಮಾರಾಟದ ಅನುಮತಿ ಮಾತ್ರ ಇರಬಹುದು. ಬಿಟ್ಟುಬರುವಾಗ ಬಂದೂಕಿನ ಸಂಖ್ಯೆ, ದಿನಾಂಕ, ಮಾಡಬೇಕಾದ ಕೆಲಸದ ವಿವರ ಇರುವ ರಸೀದಿ ಪಡೆಯಬೇಕು.

ಸ್ವದೇಶಿ ರಿವಾಲ್ವರ್‌ಗಳ ಮಾಲೀಕರಿಗೆ ತಯಾರಕರ ವಿಳಾಸ ಬದಲಾಗಿರುವುದು ತಿಳಿದಿರಲಿ. ದಶಕಗಳ ಕಾಲ .32 ರಿವಾಲ್ವರ್‌ಗಳನ್ನು ತಯಾರಿಸಿದ ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು 2021ರ ಅಕ್ಟೋಬರ್ 1ರಂದು ವಿಸರ್ಜಿಸಲಾಯಿತು. ಕಾನ್ಪುರದ ಸಣ್ಣ ಆಯುಧಗಳ ಕಾರ್ಖಾನೆ ಈಗ ಅಡ್ವಾನ್ಸ್‌ಡ್ ವೆಪನ್ಸ್ ಆ್ಯಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಅಡಿಯಲ್ಲಿದೆ. 2014ರಲ್ಲಿ ಮಹಿಳೆಯರಿಗೆಂದು ಪ್ರಚಾರಗೊಂಡ, ಅರ್ಧ ಕಿಲೋಗ್ರಾಂ ತೂಕದ ‘ನಿರ್ಭೀಕ್’ ಮಂಡಳಿಯ ಕಾಲದ್ದು. 2023ರಲ್ಲಿ ಬಂದ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ‘ಪ್ರಬಲ್’ ಹೊಸ ಕಂಪನಿಯದು. ಹಳೆಯ ಮಾದರಿಗಳ ದುರಸ್ತಿಗೆ ಬಿಡಿಭಾಗ ಕೇಳುವವರು ಮಂಡಳಿಯ ಹೆಸರಿಗೆ ಪತ್ರ ಬರೆದು ಕಾಯುವ ಬದಲು ಈ ಕಂಪನಿಯನ್ನು ವಿಚಾರಿಸಬೇಕು.

ಕೆಲಸ ಮುಗಿದ ರಿವಾಲ್ವರ್ ವಾಪಸು ಪಡೆಯುವಾಗ ಅಂಗಡಿಯಲ್ಲೇ, ಖಾಲಿ ಸಿಲಿಂಡರಿನೊಂದಿಗೆ, ಎರಡೂ ಬಗೆಯ ಎಳೆತದ ತೂಕವನ್ನು ಮಾಪಕದಲ್ಲಿ ಅಳೆದು ತೋರಿಸುವಂತೆ ಕೇಳಬಹುದು. ಹಿಂದಕ್ಕೆ ನಿಲ್ಲಿಸಿದ ಕುದುರೆ ಹೆಬ್ಬೆರಳಿನ ಒತ್ತಡಕ್ಕೆ ಜಾರುತ್ತದೆಯೇ, ಪ್ರತಿ ಎಳೆತಕ್ಕೂ ಸಿಲಿಂಡರ್ ನೇರಕ್ಕೆ ಬಂದು ನಿಲ್ಲುತ್ತದೆಯೇ, ಬಿಟ್ಟ ಟ್ರಿಗರ್ ತಡವರಿಸದೆ ಮುಂದಕ್ಕೆ ಮರಳುತ್ತದೆಯೇ ಎಂಬುದನ್ನು ದುರಸ್ತಿ ಮಾಡಿದವರು ಎದುರಿಗೇ ತೋರಿಸಬೇಕು. ಬದಲಿಸಿದ ಭಾಗಗಳೇನಾದರೂ ಇದ್ದರೆ ಹಳೆಯವನ್ನು ಕೇಳಿ ಪಡೆದು, ಬಂದೂಕಿನ ಸಂಖ್ಯೆಯನ್ನು ಲೈಸೆನ್ಸ್ ಪುಸ್ತಕದೊಂದಿಗೆ ಮತ್ತೊಮ್ಮೆ ತಾಳೆ ನೋಡಿ, ರಸೀದಿಯನ್ನು ಅದೇ ಪುಸ್ತಕದೊಳಗೆ ಇಟ್ಟುಕೊಳ್ಳುವುದು ಲೇಸು. ಐದು ವರ್ಷಕ್ಕೊಮ್ಮೆ ಬರುವ ನವೀಕರಣದ ವೇಳೆ ಅಧಿಕಾರಿಗಳು ಪ್ರಶ್ನಿಸಿದರೆ ತೋರಿಸಲು ಅದು ಬೇಕಾಗುತ್ತದೆ.